ಮೂರನೆಯ ತಂಬಿಗೆ

ಪಿನ್ನರ್, ಲಂಡನ್
೬ ನವೆಂಬರ್ ೨೦೦೭, ಮಂಗಳವಾರ

ಅವ್ವನ ಪಾದಗಳಿಗೆ, ಮಂಚದ ಮೇಲೆ ಮಲಗಿದಲ್ಲಿಂದಲೇ ನಿನ್ನ ಮಾಳುವಿನ ನಮಸ್ಕಾರ.

ದಸರೆ ಮುಗಿದು ಎಷ್ಟೋ ದಿನವಾಯಿತು, ನಿನಗೆ ಒಂದು ಸಾಲೂ ಬರೆದಿಲ್ಲ. ಸಿಟ್ಟಾಗಬೇಡ. ಕೈಬೆರಳು ಬಾತುಕೊಂಡಿದ್ದವು ಎಂದರೆ ಹೆದರುತ್ತೀ, ಮೈಗಳ್ಳತನ ಎಂದರೆ ಬೈಯುತ್ತೀ. ಯಾವುದು ಬೇಕೋ ಅದನ್ನು ನಂಬು. ನಿನ್ನ ಕಿವಿ ಮಂದವಾದ ಮೇಲೆ ನಮ್ಮಿಬ್ಬರ ಮಾತೆಲ್ಲ ಕಾಗದದಲ್ಲೇ ಆಗಬೇಕಲ್ಲ. ಫೋನಿನಲ್ಲಿ ಅಪ್ಪನ ಕಡೆ ಹೇಳಿ ಕಳಿಸಿದರೆ ಆತ ಅರ್ಧ ಮರೆಯುತ್ತಾನೆ, ಉಳಿದರ್ಧಕ್ಕೆ ತನ್ನದೊಂದಿಷ್ಟು ಸೇರಿಸುತ್ತಾನೆ.

ಮೊದಲಿಗೆ ಒಂದು ಮಾತು. ನಿನ್ನ ತಿಮ್ಮಯ್ಯ ಸತ್ತಿಲ್ಲ. ಟೀವಿಯವರು ಏನೇ ಹೇಳಿರಲಿ, ಉಸಿರಾಡುತ್ತಿದ್ದಾರೆ. ಈ ಪತ್ರ ಧಾರವಾಡ ಮುಟ್ಟುವುದರೊಳಗೆ ನಿನಗೆ ಗೊತ್ತಾಗಿಯೇ ಇರುತ್ತದೆ, ಆದರೂ ಬರೆಯುತ್ತೇನೆ. ಆತನ ಸಿನಿಮಾ ಬಂದರೆ ನನ್ನನ್ನು ಶಾಲೆ ತಪ್ಪಿಸಿ ಕರೆದುಕೊಂಡು ಹೋಗುತ್ತಿದ್ದವಳು ನೀನು. ಸುದ್ದಿ ನೋಡಿ ಒಲೆ ಹಚ್ಚದೆ ಕೂತಿದ್ದರೆ ಏಳು, ಉಣ್ಣು, ಬಿಪಿ ಗುಳಿಗೆ ತೊಗೋ.

ಇನ್ನು ನಡೆದದ್ದು ಕೇಳು. ಶನಿವಾರ ಇಲ್ಲಿಯ ಕನ್ನಡ ಸಂಘದ ರಾಜ್ಯೋತ್ಸವ ಇತ್ತು. ನಟ ತಿಮ್ಮಯ್ಯನವರೇ ಮುಖ್ಯ ಅತಿಥಿ. ನಾನು ಹೋಗಲಿಲ್ಲ. ಎರಡು ಸಲ ಬಸಿರು ಕಳೆದುಕೊಂಡವಳು, ಈ ಸಲ ಏಳು ತುಂಬುವವರೆಗೆ ಬಂದಿದೆ, ಬಿಪಿ ಏರುತ್ತಿದೆ. ಮಂಚ ಬಿಟ್ಟು ಇಳಿಯಕೂಡದು, ಮನಸ್ಸಿಗೆ ಯಾವ ಧಕ್ಕೆಯೂ ಆಗಕೂಡದು ಎಂದು ಡಾಕ್ಟರ ಅಪ್ಪಣೆ. ಭಾಷಣ ಮಾಡುತ್ತಿದ್ದ ತಿಮ್ಮಯ್ಯ ಎದೆ ಹಿಡಿದುಕೊಂಡು ವೇದಿಕೆಯ ಮೇಲೆಯೇ ಕುಸಿದರಂತೆ. ಆಂಬುಲೆನ್ಸಿನವರು ತಂದಿಳಿಸಿದ್ದು ನಿನ್ನ ಅಳಿಯನ ಆಸ್ಪತ್ರೆಗೆ, ಇವರು ಡ್ಯೂಟಿ ಮಾಡುವ ಐಸಿಯುಗೇ. ಬಾಯಿ ಬಿಡಬಾರದು, ಪೇಶಂಟಿನ ವಿಷಯ ಹೊರಗೆ ಹೋದರೆ ಡಾಕ್ಟರಿಕೆಯೇ ಹೋಗುತ್ತದೆ ಎಂದು ಇವರು ನನಗೂ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ, ಇದನ್ನು ಮಾತ್ರ ನೀನು ನಂಬಲಿಕ್ಕಿಲ್ಲ.

ನಿನ್ನೆ ಸೋಮವಾರ ಮುಂಜಾನೆ ಇವರು ಪಾಳಿ ಮುಗಿಸಿ ಬಂದರು. ನಾನು ಮೇಲಿನ ಕೋಣೆಯಲ್ಲಿ ನಿದ್ದೆಯಲ್ಲಿದ್ದೆ. ನಮ್ಮ ಅತ್ತೆಯವರ ನೇಮ ನಿನಗೆ ಗೊತ್ತಲ್ಲ. ಆಸ್ಪತ್ರೆಯಲ್ಲಿ ಯಾರಾದರೂ ತೀರಿಕೊಂಡ ದಿನ ಮಗ ಮೈಮೇಲೆ ನೀರು ಹಾಕಿಕೊಳ್ಳದೆ ಏನನ್ನೂ ಮುಟ್ಟಬಾರದು. ಇವರು ನಗುತ್ತ ಸೀದಾ ಶವರ್ ಕೆಳಗೆ ಹೋಗಿ ನಿಲ್ಲುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ನಿನ್ನೆ ಮಾತ್ರ ಅತ್ತೆಯವರು ಮನೆಯ ಪಕ್ಕದ ಓಣಿಯಲ್ಲೇ ಮಗನನ್ನು ನಿಲ್ಲಿಸಿ, ಬಕೆಟ್ಟಿನಲ್ಲಿ ಬಿಸಿನೀರು ತಂದು, ಉಟ್ಟ ಬಟ್ಟೆಯ ಮೇಲೆಯೇ ತಂಬಿಗೆಯಿಂದ ಸುರಿದರಂತೆ. ಐಸಿಯುನಲ್ಲಿ ಒಬ್ಬ ಇಂಗ್ಲಿಷ್ ಮುದುಕಪ್ಪ ಹೋಗಿಬಿಟ್ಟ ಎಂದು ಇವರು ಆಮೇಲೆ ನನಗೆ ಹೇಳಿದರು.

ಇದನ್ನೆಲ್ಲ ರಸ್ತೆಯ ಆಚೆ ಬದಿಯಿಂದ ಶಂಕರ ನೋಡಿದ. ಹಾವೇರಿಯ ಹುಡುಗ, ಹೌನ್ಸ್ಲೋದಲ್ಲಿ ಇರುತ್ತಾನೆ, ವಿಮಾನ ನಿಲ್ದಾಣದ ಕಾರ್ಗೋದಲ್ಲಿ ಕೆಲಸ. ನಮ್ಮ ಮನೆಯಲ್ಲಿ ಎಷ್ಟೋ ಸಲ ಉಂಡುಹೋದವನು. ಬಿಡುವಿನಲ್ಲಿ ನಮ್ಮ ಕಡೆಯ ಒಂದು ಸುದ್ದಿ ಚಾನೆಲ್ಲಿಗೆ ಕ್ಯಾಮೆರಾ ಹಿಡಿಯುತ್ತಾನೆ. ಆಸ್ಪತ್ರೆಯೊಳಗೆ ಬಿಡಲಿಲ್ಲವೆಂದು ಡಾಕ್ಟರ ಮನೆ ಮುಂದೆ ಬಂದು ನಿಂತಿದ್ದನಂತೆ. ಇಂಗ್ಲಿಷಿನವರಾಗಿದ್ದರೆ ಯಾರೋ ಹುಚ್ಚರು ಚಳಿಯಲ್ಲಿ ಹೊರಗೆ ಸ್ನಾನ ಮಾಡುತ್ತಿದ್ದಾರೆ ಎಂದುಕೊಂಡು ಹೋಗುತ್ತಿದ್ದರು. ಇವನು ನಮ್ಮವನು, ಆ ನೀರಿನ ಅರ್ಥ ಗೊತ್ತಿದ್ದವನು. ತಿಮ್ಮಯ್ಯ ಹೋದರು ಎಂದೇ ತಿಳಿದ.

ನಾನು ಎಚ್ಚತ್ತು ಟೀವಿ ಹಚ್ಚಿದರೆ ಕೆಂಪು ಪಟ್ಟಿಯಲ್ಲಿ ಹರಿಯುತ್ತಿದೆ, ತಿಮ್ಮಯ್ಯ ಇನ್ನಿಲ್ಲ ಎಂದು. ಮರುಕ್ಷಣ ನಮ್ಮ ಮನೆ ಬಂತು, ಅವ್ವಾ. ನಮ್ಮ ಓಣಿ, ನಮ್ಮ ಹಸಿರು ಡಸ್ಟ್‌ಬಿನ್, ಬೆನ್ನು ಮಾಡಿ ನಿಂತ ಇವರು, ತಂಬಿಗೆ ಎತ್ತಿದ ಅತ್ತೆಯವರು. ತಂಬಿಗೆಯ ಸುತ್ತ ಒಂದು ಕೆಂಪು ವೃತ್ತ. ನೀರು ಬಿದ್ದ ಕೂಡಲೇ ಮತ್ತೆ ಮೊದಲಿನಿಂದ. ಒಬ್ಬ ಪಂಡಿತರು ಸ್ಟುಡಿಯೋದಲ್ಲಿ ಕೂತು, ಸಾವಿನ ಸುದ್ದಿ ಕೇಳಿದವರು ಉಟ್ಟ ಬಟ್ಟೆಯಲ್ಲೇ ಸ್ನಾನ ಮಾಡಬೇಕು, ನಮ್ಮಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ ಎಂದು ಹೇಳಿದರು. ಅವರ ತಲೆಯ ಮೇಲೆ ಮೂಲೆಯಲ್ಲಿ ತಿಮ್ಮಯ್ಯನ ಫೋಟೋ, ಹುಟ್ಟಿದ ವರ್ಷ, ಒಂದು ಗೆರೆ, ೨೦೦೭. ಚಾನೆಲ್ ತಿರುಗಿಸಿದೆ. ಅಲ್ಲಿಯೂ ಅದೇ ತಂಬಿಗೆ. ಇನ್ನೊಂದರಲ್ಲಿ ಆತನ ಹಳೆಯ ಹಾಡಿನ ನಡುವೆ ಅದೇ ತಂಬಿಗೆ. ಮಧ್ಯಾಹ್ನದ ಹೊತ್ತಿಗೆ ಇಲ್ಲಿಯ ಇಂಗ್ಲಿಷ್ ಚಾನೆಲ್ಲಿನ ಕೆಳಗೂ ಒಂದು ಸಾಲು ಬಂದು ಹೋಯಿತು, ಭಾರತದ ನಟ ಲಂಡನ್ನಿನಲ್ಲಿ ನಿಧನ.

ಆಮೇಲೆ ವ್ಯಾನುಗಳು ಬಂದವು. ಟೀವಿಯಲ್ಲಿ ನನ್ನ ಕೋಣೆಯ ಕಿಟಕಿ ಕಾಣಿಸಿತು. ನೋಡೋಣವೆಂದು ಪರದೆಯ ಅಂಚನ್ನು ಒಂದಿಷ್ಟು ಸರಿಸಿದೆ. ಸ್ವಲ್ಪ ತಡೆದು ಟೀವಿಯಲ್ಲಿಯೂ ಪರದೆ ಸರಿಯಿತು. ‘ಒಳಗೆ ಯಾರೋ ಇದ್ದಾರೆ’ ಎಂದು ಮೈಕು ಹಿಡಿದು ನಿಂತ ಚಾನೆಲ್ಲಿನ ಹುಡುಗಿ ಹೇಳಿದಳು. ನನ್ನ ಮನೆಯಲ್ಲಿ ನಾನು ಇದ್ದದ್ದೇ ತಪ್ಪು ಎನ್ನುವ ಹಾಗೆ ಹೇಳಿದಳು.

ಫೋನ್ ಬಂತು. ‘ಮೇಡಂ, ನೀವೀಗ ಲೈವ್‌ನಲ್ಲಿದ್ದೀರಿ. ಕೊನೇ ಗಳಿಗೇಲಿ ತಿಮ್ಮಯ್ಯನವರು ಏನಂದ್ರು ಅಂತ ಡಾಕ್ಟ್ರು ನಿಮ್ಮ ಹತ್ರ ಹೇಳಿದ್ರಾ?’ ನಾನು ಫೋನನ್ನು ದಿಂಬಿನ ಕೆಳಗೆ ತುರುಕಿದೆ. ಅದು ಅಲ್ಲಿಂದಲೂ ಮಾತಾಡುತ್ತಿತ್ತು. ಅತ್ತೆಯವರು ಬಂದು ತಂತಿಯನ್ನೇ ಕಿತ್ತರು.

ಸಂಜೆ ಆಸ್ಪತ್ರೆಯವರು ಹೊರಗೆ ಬಂದು, ರೋಗಿ ಬದುಕಿದ್ದಾರೆ, ಸ್ಥಿತಿ ಗಂಭೀರ ಎಂದರು. ಚಾನೆಲ್ಲಿನವರು ಫೋಟೋದ ಕೆಳಗಿನ ಎರಡನೆಯ ವರ್ಷವನ್ನು ಒರೆಸಿ, ಅದೇ ಉಸಿರಿನಲ್ಲಿ ಪವಾಡ ಎಂದು ಶುರು ಮಾಡಿದರು. ಅಷ್ಟರಲ್ಲಿ ಬೆಂಗಳೂರಿನಲ್ಲಿ ಬಸ್ಸಿಗೆ ಕಲ್ಲು ಬಿದ್ದಿದ್ದವು, ಹುಬ್ಬಳ್ಳಿ ಧಾರವಾಡದಲ್ಲಿ ಅಂಗಡಿ ಬಾಗಿಲು ಹಾಕಿದ್ದವು. ಇಲ್ಲಿ ನವೆಂಬರ್ ಐದಕ್ಕೆ ಪಟಾಕಿ ಹಾರಿಸುವ ಪದ್ಧತಿ. ಕತ್ತಲಾದದ್ದೇ ಸುತ್ತಲೂ ಢಮ್ ಢಮ್ ಎನ್ನತೊಡಗಿತು. ಒಂದೊಂದು ಸದ್ದಿಗೂ ಯಾರೋ ಬಾಗಿಲು ಒಡೆದರು ಎಂದು ನಾನು ಬೆಚ್ಚಿದೆ.

ಇವತ್ತು ಆಸ್ಪತ್ರೆಯಿಂದ ಇವರಿಗೆ ಕರೆ ಬಂತು. ಸುದ್ದಿ ಹೊರಗೆ ಬಿಟ್ಟವರು ಯಾರು ಎಂದು ವಿಚಾರಣೆ. ಅದು ಮುಗಿಯುವತನಕ ಕೆಲಸಕ್ಕೆ ಬರಬಾರದು. ತಪ್ಪು ಇವರದೇ ಎಂದಾದರೆ ಕೆಲಸ ಹೋಗುತ್ತದೆ, ಕೆಲಸದ ಜೊತೆ ನಮ್ಮ ವರ್ಕ್ ಪರ್ಮಿಟ್ ಹೋಗುತ್ತದೆ. ಈ ಹೊಟ್ಟೆ ಹೊತ್ತವಳನ್ನು ವಿಮಾನಕ್ಕೂ ಹತ್ತಿಸುವುದಿಲ್ಲ. ನಾವು ಎಲ್ಲಿಗೆ ಹೋಗಬೇಕು? ನನಗೆ ಬಹಳ ಹೆದರಿಕೆಯಾಗಿದೆ, ಅವ್ವಾ. ಡಿಸೆಂಬರಿನಲ್ಲಿ ಬರುವವಳು ಈಗಲೇ ಬರಬಾರದೇ? ವೀಸಾ ಹೇಗೂ ಕೈಯಲ್ಲಿದೆ. ಬರುವಾಗ ಬಾಣಂತನದ ಉಂಡೆಗೆ ಅಂಟು ತರುವುದನ್ನು ಮರೆಯಬೇಡ. ಅಂಟಿನ ಉಂಡೆಯ ಅಳತೆಯನ್ನೂ ಬರೆದು ಕಳಿಸು, ಅತ್ತೆಯವರ ಅಳತೆ ಬೇರೆ, ನಿನ್ನದು ಬೇರೆ.

ನಿನ್ನ ಮಾಳು


ಪಿನ್ನರ್
೯ ನವೆಂಬರ್, ದೀಪಾವಳಿ

ಅವ್ವಾ, ಹಬ್ಬದ ದಿನ ನಿನ್ನ ಆಶೀರ್ವಾದ ಬೇಡುತ್ತೇನೆ. ಮೊದಲ ಪತ್ರ ಇನ್ನೂ ದಾರಿಯಲ್ಲಿರಬಹುದು, ಆಗಲೇ ಎರಡನೆಯದನ್ನು ಬರೆಯಲು ಕೂತಿದ್ದೇನೆ. ಯಾರ ಹತ್ತಿರ ಆಡಿಕೊಳ್ಳಲಿ ಹೇಳು.

ಹಬ್ಬ ಸಪ್ಪಗಿದೆ. ಅತ್ತೆಯವರು ಕರಜಿಕಾಯಿಗೆಂದು ತಂದ ಕೊಬ್ಬರಿ ಕಪಾಟಿನಲ್ಲೇ ಉಳಿಯಿತು. ಒಂದು ಹಣತೆ ಹಚ್ಚಿ, ನನ್ನ ಹಣೆಗೆ ಕುಂಕುಮವಿಟ್ಟು, ‘ಈ ಗದ್ದಲದಾಗ ಹಬ್ಬ ಯಾರಿಗೆ ಬೇಕಾಗ್ಯದ, ಮುಂದಿನ ವರ್ಷ ಕೂಸಿನ ಜೋಡಿ ಮಾಡೂಣು’ ಎಂದರು. ನಿನಗೆ ಗೊತ್ತಲ್ಲ, ಹಬ್ಬ ಎಂದರೆ ಸೆರಗು ಕಟ್ಟಿ ನಿಲ್ಲುವವರು. ಅವರ ಕಣ್ಣು ಕೆಂಪಾಗಿದ್ದವು. ಹೆದರಿದ್ದಾರೆ, ಪಾಪ. ಇಡೀ ದೇಶ ನೋಡಿದ್ದು ಅವರ ಕೈಯಲ್ಲಿದ್ದ ತಂಬಿಗೆಯನ್ನೇ ಅಲ್ಲವೇ?

ನಿನ್ನೆ ಅಪ್ಪನಿಗೆ ಫೋನ್ ಮಾಡಿದ್ದೆ. ‘ಅವ್ವ ಎಲ್ಲಿ?’ ಎಂದರೆ, ‘ಗುಡಿಗೆ ಹೋಗ್ಯಾಳ’ ಎಂದ. ಕಿವಿ ಕೇಳದಿದ್ದರೂ ಒಂದು ಸಲ ಫೋನ್ ಹಿಡಿದು ‘ಹೂಂ’ ಎನ್ನುತ್ತಿದ್ದೆಯಲ್ಲ, ಅದಾದರೂ ಸಿಗಲಿ ಎಂದುಕೊಂಡಿದ್ದೆ. ಅಪ್ಪ ಬಂದ್ ದಿನದ್ದೇ ಹೇಳುತ್ತಿದ್ದ. ‘ಊರೆಲ್ಲಾ ಬಾಗಲಾ ಹಾಕಿದ್ರು ಮಾಳೂ. ಒಂದ ಮಾರು ಹೂವು ಸಿಗಲಿಲ್ಲ. ಇಡೀ ಧಾರವಾಡದಾಗ ಒಂದ ಮಾರು ಹೂವು.’ ಮತ್ತೆ ಮತ್ತೆ ಅದನ್ನೇ ಹೇಳಿದ. ‘ಒಂದು ದಿನ ಹೂವಿಲ್ಲದಿದ್ರ ದೇವರೇನು ಸಿಟ್ಟಾಗೂದಿಲ್ಲ ಬಿಡೋ ಅಪ್ಪಾ’ ಎಂದು ನಾನೇ ನಕ್ಕೆ. ಆತ ನಗಲಿಲ್ಲ, ಫೋನ್ ಇಟ್ಟುಬಿಟ್ಟ. ವಯಸ್ಸಾಯಿತು ಆತನಿಗೆ, ಸ್ವಲ್ಪ ನೋಡಿಕೋ.

ಈಗ ನಿಜವಾದ ಹೆದರಿಕೆಯ ಮಾತಿಗೆ ಬರುತ್ತೇನೆ. ನಿನ್ನೆ ಕಲ್ಯಾಣಿ ಬಂದಿದ್ದಳು. ಮೈಸೂರಿನವಳು, ಇವರ ಜೊತೆ ಅದೇ ಐಸಿಯುನಲ್ಲಿ ಡಾಕ್ಟರ್, ಮನೆ ಕೊಲಿಂಡೇಲ್. ಹಣ್ಣು ತಂದು, ಬಿಪಿ ನೋಡಿ, ನನ್ನ ಪಕ್ಕ ಕೂತಳು. ನಾನು ಸುಮ್ಮನಿರಲಾರದೆ, ‘ಆ ಮುದುಕಪ್ಪ ಅವತ್ತೇ ಸಾಯಬೇಕಿತ್ತಾ ನೋಡು, ಆತನಿಂದ ಇಷ್ಟೆಲ್ಲ ಆಯ್ತು’ ಎಂದೆ.

‘ಯಾವ ಮುದುಕಪ್ಪ?’ ಎಂದಳು.

ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. ‘ಆ ವಾರಾಂತ್ಯ ನಮ್ಮಲ್ಲಿ ಯಾರೂ ಹೋಗಿಲ್ಲ ಕಣೇ. ಅದನ್ನೇ ಅವರು ವಿಚಾರಣೇಲೂ ಕೇಳ್ತಿದಾರೆ. ಯಾರೂ ಸಾಯದೇ ಇದ್ರೆ ಡಾಕ್ಟರ್ ಸತ್ಯಪ್ರಕಾಶ್ ಯಾಕೆ ಸ್ನಾನ ಮಾಡಿದ್ರು ಅಂತ.’ ಆಮೇಲೆ ನನ್ನ ಬಣ್ಣ ಕಂಡು, ‘ಬಿಡು, ನಂಗೆ ಸರಿಯಾಗಿ ಗೊತ್ತಿಲ್ಲ, ಬೇರೆ ವಾರ್ಡಿನವರು ಇರಬಹುದು’ ಎಂದು ಮಾತು ತಿರುಗಿಸಿದಳು.

ಅವಳು ಹೋದ ಮೇಲೆ ಛಾವಣಿ ನೋಡುತ್ತ ಮಲಗಿದೆ. ಇವರು ನನಗೆ ಸುಳ್ಳು ಹೇಳಿದ್ದಾರೆ. ಮದುವೆಯಾದ ಮೇಲೆ ಮೊದಲ ಸಲ. ಯಾಕೆ? ಇವರೂ ಶಂಕರನೂ ಮಾತಾಡಿಕೊಂಡಿದ್ದರೇ? ಬಾಯಿ ಬಿಟ್ಟು ಹೇಳುವ ಹಾಗಿಲ್ಲವೆಂದು ನೀರು ಸುರಿದುಕೊಂಡು ಹೇಳಿದರೇ? ತಿಮ್ಮಯ್ಯ ಬದುಕುವುದಿಲ್ಲ ಎಂದು ಮೊದಲೇ ತೀರ್ಮಾನಿಸಿದ್ದರೇ? ಇಂಥ ವಿಚಾರಗಳು ನನಗೆ ಬರುತ್ತವೆ ಎಂದು ನನಗೇ ಗೊತ್ತಿರಲಿಲ್ಲ. ಹೊರಗಿನ ಕ್ಯಾಮೆರಾಗಳಿಗಿಂತ ಈಗ ಮನೆಯೊಳಗಿನ ಮೌನಕ್ಕೆ ಹೆಚ್ಚು ಹೆದರಿದ್ದೇನೆ.

ಉತ್ತರ ಬರೆ. ಎರಡೇ ಸಾಲಾದರೂ ಸಾಕು.

ಮಾಳು


ಪಿನ್ನರ್
೧೪ ನವೆಂಬರ್

ಅವ್ವನಿಗೆ ನಮಸ್ಕಾರ.

ನಿನ್ನಿಂದ ಪತ್ರವಿಲ್ಲ. ಅಪ್ಪ ಮಾತ್ರ ಫೋನಿನಲ್ಲಿ ಸಿಗುತ್ತಾನೆ. ನನ್ನ ಮೊದಲ ಪತ್ರ ಮುಟ್ಟಿತಂತೆ. ‘ಅವ್ವ ಓದಿದಳು, ಧೈರ್ಯದಿಂದಿರು ಅಂದಾಳ’ ಎಂದ. ಅಂಟಿನ ಉಂಡೆ ಕೇಳಿದ್ದೆನಲ್ಲ, ಅದಕ್ಕೂ ಉತ್ತರ ಸಿಕ್ಕಿತು, ‘ಅಂಟು ರಾತ್ರಿ ನೀರಾಗ ನೆನೀ ಹಾಕಬೇಕಂತ.’ ನನಗೆ ನಗು ತಡೆಯಲಿಲ್ಲ. ತುಪ್ಪದಲ್ಲಿ ಅರಳಿಸುವ ಅಂಟನ್ನು ಆತ ನೀರಿಗೆ ಹಾಕಿದ. ನೀನು ಹೇಳಿದ್ದೊಂದು, ಆತ ಕೇಳಿಸಿಕೊಂಡದ್ದೊಂದು. ನಿನಗೆ ಮೊಣಕಾಲು ನೋವು ಹೆಚ್ಚಾಗಿದೆ, ಡಿಸೆಂಬರಿನಲ್ಲಿ ಬರುವುದು ಕಷ್ಟ ಎಂದೂ ಹೇಳಿದ. ಅವ್ವಾ, ಹಾಗೆ ಮಾಡಬೇಡ. ಗಾಲಿ ಕುರ್ಚಿ ಕೊಡುತ್ತಾರೆ, ಒಂದು ಹೆಜ್ಜೆ ನಡೆಯಬೇಕಾಗಿಲ್ಲ.

ನಿನ್ನೆ ಇವರನ್ನು ಕೇಳಿಯೇಬಿಟ್ಟೆ. ಮನೆಯಲ್ಲೇ ಇರುತ್ತಾರಲ್ಲ, ನನ್ನ ಕಾಲು ಒತ್ತುತ್ತ ಕೂತಿದ್ದರು. ‘ಅವತ್ತು ಸತ್ತವರು ಯಾರು?’ ಎಂದೆ. ಒತ್ತುತ್ತಿದ್ದ ಕೈ ನಿಂತಿತು.

‘ಹೇಳಿದೆನಲ್ಲ’ ಎಂದರು.

‘ಕಲ್ಯಾಣಿ ಯಾರೂ ಸತ್ತಿಲ್ಲ ಅಂದಳು.’

‘ನಾ ತಿಮ್ಮಯ್ಯನ ಬಗ್ಗೆ ಯಾರಿಗೂ ಒಂದು ಅಕ್ಷರ ಹೇಳಿಲ್ಲ. ನನ್ನ ಮ್ಯಾಲ ಭರವಸಾ ಇಡು ಮಾಳೂ. ಕೂಸು ಹುಟ್ಟಲಿ, ನೀ ಏನ ಕೇಳಿದ್ರೂ ಹೇಳ್ತೀನಿ’ ಎಂದರು. ಎದ್ದು ಕಿಟಕಿಯ ಹತ್ತಿರ ಹೋಗಿ ನನಗೆ ಬೆನ್ನು ಮಾಡಿ ನಿಂತರು. ಟೀವಿಯಲ್ಲಿ ಎಷ್ಟು ಸಲ ನೋಡಿದ್ದೇನೋ ಆ ಬೆನ್ನನ್ನು.

ನಾಳೆ ಆಸ್ಪತ್ರೆಯ ಹಿರಿಯ ಮೇಡಂ ಇವರನ್ನು ಕರೆದಿದ್ದಾರೆ. ಆ ಸ್ನಾನ ಯಾಕೆ ಎಂದು ಸರಿಯಾದ ಕಾರಣ ಹೇಳಲೇಬೇಕು, ಇಲ್ಲದಿದ್ದರೆ ವಿಷಯ ಮೆಡಿಕಲ್ ಕೌನ್ಸಿಲ್‌ಗೆ ಹೋಗುತ್ತದೆ. ‘ಹೇಳ್ತೀರಿ ಹೌದಲ್ಲೋ?’ ಎಂದು ಕೇಳಿದೆ. ‘ಹೊರಗ ಹೋಗದ ಹಂಗ ಹೇಳಲಿಕ್ಕೆ ಬರ್ತದೇನು ನೋಡ್ತೀನಿ’ ಎಂದರು. ಹೊರಗೆ ಹೋದರೆ ಏನಾಗುತ್ತದೆ, ಯಾರಿಗೆ ಆಗುತ್ತದೆ, ಒಂದೂ ತಿಳಿಯುವುದಿಲ್ಲ. ಕೆಳಗೆ ತಾಯಿ ಮಗ ಪಿಸುಮಾತಿನಲ್ಲಿ ಏನೋ ಹೇಳಿಕೊಳ್ಳುತ್ತಾರೆ, ನಾನು ಕೆಮ್ಮಿದರೆ ಸುಮ್ಮನಾಗುತ್ತಾರೆ. ದೇವರಿಗೆ ನನ್ನ ಹೆಸರಿನಲ್ಲಿ ಒಂದು ದೀಪ ಹಚ್ಚು.

ಮಾಳು


ಪಿನ್ನರ್
೨೦ ನವೆಂಬರ್

ಅವ್ವನ ಪಾದಗಳಿಗೆ ನಮಸ್ಕಾರ. ಈ ಪತ್ರವನ್ನು ಕಿಟಕಿಯ ಪರದೆ ಪೂರ್ತಿ ತೆಗೆದು, ಬೆಳಕಿನಲ್ಲಿ ಕೂತು ಬರೆಯುತ್ತಿದ್ದೇನೆ. ಎಲ್ಲ ಮುಗಿಯಿತು.

ಆ ಮೇಡಂ ಹತ್ತಿರ ಇವರು ಏನು ಹೇಳಿದರೋ ನನಗೆ ಗೊತ್ತಿಲ್ಲ. ಆದರೆ ಕೇಳಿದ ಮೇಲೆ ಆಕೆ ಎದ್ದು ಬಾಗಿಲ ತನಕ ಬಂದು ಇವರ ಕೈ ಹಿಡಿದುಕೊಂಡರಂತೆ. ವಿಚಾರಣೆ ಅಲ್ಲಿಗೇ ನಿಂತಿತು. ನಿನ್ನೆಯಿಂದ ಇವರು ಕೆಲಸಕ್ಕೆ ಹೋಗುತ್ತಿದ್ದಾರೆ. ಮನೆ ಉಳಿಯಿತು, ಪರ್ಮಿಟ್ ಉಳಿಯಿತು. ನನ್ನ ಬಿಪಿಯೂ ಇಳಿದಿದೆ. ಸಂಶಯಪಟ್ಟದ್ದಕ್ಕೆ ಇವರ ಮುಖ ನೋಡಲು ನಾಚಿಕೆಯಾಗುತ್ತಿದೆ, ಆದರೂ ಏನು ಹೇಳಿದಿರಿ ಎಂದು ಕೆದಕುವುದನ್ನು ಬಿಟ್ಟಿಲ್ಲ. ನಿನ್ನ ಮಗಳಲ್ಲವೇ.

ನಿನ್ನ ತಿಮ್ಮಯ್ಯ ಎದ್ದು ಕೂತು ಗಂಜಿ ಕುಡಿದರಂತೆ. ಟೀವಿಯವರೇ ಹೇಳಿದ್ದು, ನಾನಲ್ಲ. ‘ಮೊದಲು ಹೇಳಿದ್ದು ನಾವೇ’ ಎಂದು ಸತ್ತ ಸುದ್ದಿಗೆ ಹೊಡೆದುಕೊಂಡವರು ಈಗ ಗಂಜಿಯ ಸುದ್ದಿಗೂ ಅದನ್ನೇ ಹೇಳುತ್ತಿದ್ದಾರೆ. ವ್ಯಾನುಗಳು ಹೋದವು. ಹುಲ್ಲಿನ ಮೇಲೆ ಗಾಲಿಯ ಗುರುತು ಮಾತ್ರ ಇದೆ.

ಇವತ್ತು ಮುಂಜಾನೆ ಶಂಕರ ಬಂದಿದ್ದ. ಅತ್ತೆಯವರು ಬಾಗಿಲಲ್ಲೇ ನಿಲ್ಲಿಸಿ ಬೈದರು. ನಾನೇ ಮೇಲಿನಿಂದ ಕೂಗಿ ಕರೆಸಿಕೊಂಡೆ. ಅವನ ಚಾನೆಲ್ಲಿನವರು ಅವನನ್ನು ಬಿಟ್ಟಿದ್ದಾರೆ, ತಪ್ಪೆಲ್ಲ ಅವನ ಮೇಲೆ ಹಾಕಿ. ನನ್ನ ಮುಖ ನೋಡದೆ ನೆಲ ನೋಡುತ್ತ ನಿಂತ. ‘ಅಕ್ಕಾರ, ನಮ್ಮ ಕಡೆ ಹಿಂಗ ನೀರು ಸುರಕೊಂಡ್ರ ಯಾರೋ ಹೋದ್ರು ಅಂತನ. ನಾ ನೋಡಿದ್ದು ಖರೇ ಐತ್ರಿ, ತಿಳಕೊಂಡಿದ್ದು ತಪ್ಪಾತು’ ಎಂದ. ಒಂದು ಸೀಡಿ ಕೊಟ್ಟ. ಅವತ್ತು ತೆಗೆದದ್ದೆಲ್ಲ ಅದರಲ್ಲಿದೆಯಂತೆ, ಚಾನೆಲ್ಲಿನವರು ಕತ್ತರಿಸಿ ಬಿಟ್ಟದ್ದೂ ಸೇರಿ. ‘ನನ್ನ ಹತ್ರ ಬ್ಯಾರೆ ಇಟ್ಕೊಂಡಿಲ್ಲ. ನೀವ ಮುರದು ಹಾಕ್ರಿ’ ಎಂದು ಹೇಳಿ ಕಣ್ಣೊರೆಸಿಕೊಂಡು ಹೋದ. ಸಿಟ್ಟು ಇಟ್ಟುಕೊಳ್ಳಲು ಆಗಲಿಲ್ಲ. ಹೋಗುವಾಗ ಅತ್ತೆಯವರೇ ಅವನಿಗೆ ಚಹಾ ಕೊಟ್ಟರು.

ನಿನ್ನ ಕಾಲಿಗೆ ಎಣ್ಣೆ ಹಚ್ಚು, ಬಿಸಿನೀರಿನ ಶಾಖ ಕೊಡು, ಹೇಗಾದರೂ ಮಾಡಿ ಬಾ. ಅಪ್ಪನಿಗೆ ನಮಸ್ಕಾರ. ನಮ್ಮ ಮೂವರ ಮೇಲೂ, ಒಳಗಿರುವ ನಾಲ್ಕನೆಯದರ ಮೇಲೂ ನಿನ್ನ ಆಶೀರ್ವಾದವಿರಲಿ.

ನಿನ್ನ ಮಗಳು
ಮಾಳವಿಕಾ

ತಾ. ಕ.: ಮಡಚಿಟ್ಟ ಪತ್ರವನ್ನು ಮತ್ತೆ ಬಿಚ್ಚಿದ್ದೇನೆ. ಮುರಿಯುವ ಮೊದಲು ಒಂದು ಸಲ ನೋಡೋಣವೆಂದು ಸೀಡಿಯನ್ನು ಲ್ಯಾಪ್‌ಟಾಪಿಗೆ ಹಾಕಿದೆ.

ಟೀವಿಯವರು ಇವರ ತಲೆಯ ಮೇಲೆ ನೀರು ಬಿದ್ದ ಕೂಡಲೇ ಕತ್ತರಿಸುತ್ತಿದ್ದರು. ಅದರಾಚೆಗೂ ಇದೆ, ಅವ್ವಾ. ಇವರು ಒದ್ದೆ ಬಟ್ಟೆಯಲ್ಲಿ ನಡುಗುತ್ತ ಒಳಗೆ ಹೋಗುತ್ತಾರೆ. ಅತ್ತೆಯವರು ಬಕೆಟ್ಟಿನಲ್ಲಿ ಮತ್ತೆ ತಂಬಿಗೆ ಮುಳುಗಿಸಿ ತಮ್ಮ ತಲೆಯ ಮೇಲೆ ಸುರಿದುಕೊಳ್ಳುತ್ತಾರೆ. ಪೇಶಂಟ್ ಸತ್ತರೆ ಅವರು ಯಾವತ್ತೂ ನೀರು ಹಾಕಿಕೊಂಡವರಲ್ಲ, ಅದು ಮಗನಿಗೆ ಮಾತ್ರ. ಅವರೂ ಹಾಕಿಕೊಳ್ಳಬೇಕೆಂದರೆ ಹೋದವರು ನಮ್ಮವರಾಗಿರಬೇಕು. ಆಮೇಲೆ ಮೂರನೆಯ ತಂಬಿಗೆ ತುಂಬುತ್ತಾರೆ. ಅದನ್ನು ಎರಡೂ ಕೈಯಲ್ಲಿ ಹಿಡಿದು, ತಲೆಯೆತ್ತಿ ನನ್ನ ಕಿಟಕಿಯನ್ನು ನೋಡುತ್ತ ನಿಲ್ಲುತ್ತಾರೆ. ಬಹಳ ಹೊತ್ತು. ಕೊನೆಗೆ ಆ ನೀರನ್ನು ಗುಲಾಬಿ ಗಿಡದ ಬುಡಕ್ಕೆ ಸುರಿದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋಗುತ್ತಾರೆ.

ಅವತ್ತು ಮನೆಯಲ್ಲಿ ಇದ್ದವರು ನಾವು ಮೂರೇ ಜನ.

ಅಪ್ಪನಿಗೆ ಫೋನ್ ಮಾಡಿದೆ. ನಿನ್ನನ್ನು ಕರೆ ಎನ್ನಲಿಲ್ಲ. ‘ಅಪ್ಪಾ, ಅವತ್ತು ಹೂವು ಸಿಗಲಿಲ್ಲ ಅಂದೆಯಲ್ಲ, ಹೂವು ಯಾರಿಗೆ ಬೇಕಾಗಿತ್ತು?’ ಎಂದು ಕೇಳಿದೆ. ಅಪ್ಪ ಅಳುವುದನ್ನು ನಾನು ಕೇಳಿದ್ದು ಇದೇ ಮೊದಲು.

ನಿನಗೆಂದು ಬಿದ್ದ ನೀರಿನಿಂದ ಸುಳ್ಳು ಸುದ್ದಿ ಹುಟ್ಟಿತು, ಆ ಸುದ್ದಿಯಿಂದ ಊರಿನ ಅಂಗಡಿ ಮುಚ್ಚಿದವು, ನಿನ್ನ ಮೈಮೇಲೆ ಒಂದು ಮಾರು ಹೂವಿಲ್ಲದೆ ನಿನ್ನನ್ನು ಕಳಿಸಿದರು. ನಾನು ನಕ್ಕೆ, ಅವ್ವಾ. ದೇವರೇನು ಸಿಟ್ಟಾಗುವುದಿಲ್ಲ ಎಂದೆ. ಇಷ್ಟು ದಿನ ಕೆಲಸಕ್ಕೆ ಹೆದರಿದೆ, ಕ್ಯಾಮೆರಾಕ್ಕೆ ಹೆದರಿದೆ, ಇವರಿಗೇ ಹೆದರಿದೆ. ನಿನ್ನ ಬಗ್ಗೆ ಮಾತ್ರ ಒಂದು ಗಳಿಗೆಯೂ ಹೆದರಲಿಲ್ಲ. ತಿಮ್ಮಯ್ಯ ಹೋದ ಎಂಬ ಸುಳ್ಳು ನಿನ್ನ ಕಿವಿಗೆ ಬೀಳಲಿಲ್ಲ, ಅಷ್ಟೇ ಸಮಾಧಾನ.

ಕೂಸಿಗೆ ಏನೂ ಆಗಿಲ್ಲ, ಈಗಲೂ ಒದೆಯುತ್ತಿದೆ. ಪತ್ರವನ್ನು ಅಂಚೆಗೆ ಹಾಕುತ್ತೇನೆ, ಮೊದಲಿನ ಪತ್ರ ಓದಿದ ಹಾಗೆ ಇದನ್ನೂ ಅಪ್ಪನೇ ಓದಲಿ. ಕೆಳಗೆ ಅತ್ತೆಯವರು ಪಾತ್ರೆ ತೊಳೆಯುತ್ತಿದ್ದಾರೆ. ಇನ್ನು ಸ್ವಲ್ಪ ಹೊತ್ತಿಗೆ ಇವರು ಬರುತ್ತಾರೆ, ಇಬ್ಬರೂ ನನ್ನೆದುರು ನಗುತ್ತ ನಿಲ್ಲಬೇಕು. ಅವರಿಗೂ ಸಾಕಾಗಿದೆ. ಗೋಡೆ ಹಿಡಿದುಕೊಂಡು ನಿಧಾನವಾಗಿ ಕೆಳಗೆ ಹೋಗುತ್ತೇನೆ. ‘ಅತ್ಯಾ, ನನ್ನ ತಂಬಿಗಿ ಉಳದದ, ಈಗ ಹಾಕ್ರಿ’ ಎನ್ನುತ್ತೇನೆ.